ಉಪ್ಪುಗಾಳಿಯ ಊರಿನಲ್ಲಿ ನಳ್ಳಿಯ ಹೊಳಪು ಉಳಿಯಬೇಕಾದರೆ

ಬೆಂಗಳೂರಿನವರು ಮಾಡಿದ ವಿಡಿಯೋ ನೋಡಿ ಮಂಗಳೂರಿನ ಮನೆಗೆ ನಳ್ಳಿ ಆರಿಸಬೇಡಿ. ಅವರು ಹೇಳುವುದು ಅವರ ಊರಿಗೆ ಸರಿಯೇ ಇರುತ್ತದೆ. ಘಟ್ಟದ ಮೇಲೆ ಬೋರ್‌ವೆಲ್ ನೀರು ಗಡಸು. ನಳ್ಳಿಯ ಮೇಲೆ ಬಿದ್ದ ಹನಿ ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ, ಆ ಚುಕ್ಕೆ ಕಾಣದ ಹಾಗೆ ಮಾಡುವುದೇ ಅಲ್ಲಿಯ ದೊಡ್ಡ ಚಿಂತೆ. ನಮ್ಮ ಕಡೆ ಮಂಗಳೂರಿಗೆ ತುಂಬೆಯಿಂದ ನೇತ್ರಾವತಿಯ ನೀರು ಬರುತ್ತದೆ, ಉಡುಪಿಗೆ ಬಜೆಯಿಂದ ಸ್ವರ್ಣಾ ನದಿಯ ನೀರು. ಎರಡೂ ಘಟ್ಟದ ಮಳೆಯಿಂದ ಹುಟ್ಟಿದ ಮೆದು ನೀರು. ಬಾವಿ ನೀರೂ ಹೆಚ್ಚಿನ ಕಡೆ ಮೆದುವೇ. ಬಿಳಿ ಚುಕ್ಕೆ ನಮಗೆ ದೊಡ್ಡ ವಿಷಯವೇ ಅಲ್ಲ.

ನಮ್ಮ ನಳ್ಳಿ ಹಾಳಾಗುವುದು ಬೇರೆ ರೀತಿ. ಹೊಸ ಮನೆಗೆ ಹೋಗಿ ಎರಡು ಮಳೆಗಾಲ ಕಳೆಯುವುದರೊಳಗೆ ಬುಡದಲ್ಲಿ ಹಸಿರು ಕಿಲುಬು ಕಾಣುತ್ತದೆ. ಹಿಡಿಯ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ, ಅದನ್ನು ಉಗುರಿನಿಂದ ಕೆರೆದರೆ ಹೊಳಪಿನ ಪದರವೇ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಕಪ್ಪು ಬಣ್ಣದ ನಳ್ಳಿಯಾದರೆ ಅಂಚಿನಲ್ಲಿ ಬಣ್ಣ ಹೋಗಿ ಒಳಗಿನ ಲೋಹ ಇಣುಕುತ್ತದೆ. ಇದನ್ನು ಯಾವ ಬಟ್ಟೆಯಿಂದ ಒರೆಸಿದರೂ ಸರಿಯಾಗುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಯಾವ ಬಣ್ಣ ಚಂದ ಅಂತ ನೋಡುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಆ ಬಣ್ಣದ ಅಡಿಯಲ್ಲಿ ಏನಿದೆ, ಮೇಲಿನ ಪದರವನ್ನು ಅದಕ್ಕೆ ಹೇಗೆ ಕೂರಿಸಿದ್ದಾರೆ? ಕರಾವಳಿಯಲ್ಲಿ ನಳ್ಳಿಯ ಆಯುಷ್ಯ ಅಲ್ಲೇ ತೀರ್ಮಾನವಾಗುತ್ತದೆ.

ಗಾಳಿಯಲ್ಲಿ ಉಪ್ಪಿದ್ದರೆ ಏನಾಗುತ್ತದೆ

ಕಡಲಿನ ಅಲೆ ಒಡೆದಾಗ ಎದ್ದ ಸಣ್ಣ ಹನಿಗಳನ್ನು ಗಾಳಿ ಒಳನಾಡಿಗೆ ಹೊತ್ತು ತರುತ್ತದೆ. ಪಣಂಬೂರು, ಉಳ್ಳಾಲ, ಮಲ್ಪೆ, ಕಾಪು ಈ ಕಡೆ ಕಡಲಿಗೆ ಹತ್ತಿರ ಇರುವವರಿಗೆ ಇದು ಹೇಳಬೇಕಾಗಿಯೇ ಇಲ್ಲ, ಕಿಟಕಿಯ ಕಬ್ಬಿಣದ ಸರಳು, ಬೈಕಿನ ಚೈನ್, ಫ್ಯಾನಿನ ಸ್ಕ್ರೂ ಎಲ್ಲವೂ ಅದನ್ನೇ ಹೇಳುತ್ತವೆ. ಹನಿ ಒಣಗಿ ಉಳಿದ ಉಪ್ಪು ನಳ್ಳಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂರುತ್ತದೆ.

ಅಡುಗೆ ಉಪ್ಪಿಗೆ ಒಂದು ಗುಣವಿದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅದು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಲು ಶುರುವಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದು ಇದಕ್ಕೇ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ತೇವದಲ್ಲೇ ನೀರಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಜೂನಿನಿಂದ ಸೆಪ್ಟೆಂಬರ್ ತನಕ ತೇವ 75ರ ಕೆಳಗೆ ಇಳಿಯುವುದೇ ಅಪರೂಪ. ಅಂದರೆ ನೀವು ನಳ್ಳಿ ಮುಟ್ಟದೆ ಇದ್ದರೂ, ಬಚ್ಚಲಿಗೆ ಯಾರೂ ಹೋಗದೆ ಇದ್ದರೂ, ಅದರ ಮೇಲೆ ತೆಳುವಾದ ಉಪ್ಪುನೀರಿನ ಪದರ ಇದ್ದೇ ಇರುತ್ತದೆ. ಯಾರೂ ಬಳಸದ ಅತಿಥಿ ಕೋಣೆಯ ನಳ್ಳಿ ದಿನಾ ಬಳಸುವ ನಳ್ಳಿಗಿಂತ ಬೇಗ ಮಂಕಾಗುವುದಕ್ಕೆ ಕಾರಣ ಇದು. ದಿನಾ ಬಳಸುವ ನಳ್ಳಿಯ ಮೇಲೆ ನೀರು ಬಿದ್ದು ಉಪ್ಪು ತೊಳೆದು ಹೋಗುತ್ತದೆ, ಕೈ ತಾಗುತ್ತದೆ, ಬಟ್ಟೆ ತಾಗುತ್ತದೆ. ಬಳಸದ್ದಕ್ಕೆ ಅದು ಯಾವುದೂ ಇಲ್ಲ.

ಈಗ ಈ ಉಪ್ಪುನೀರು ಏನು ಮಾಡುತ್ತದೆ ಅಂತ ನೋಡಬೇಕು. ಅದಕ್ಕೆ ಕ್ರೋಮ್ ಅಂತ ನಾವು ಕರೆಯುವ ಬೆಳ್ಳಿ ಹೊಳಪು ನಿಜವಾಗಿ ಏನು ಅಂತ ಗೊತ್ತಿರಬೇಕು.

ಕ್ರೋಮ್ ಹೊಳಪಿನ ಒಳಗೆ

ಒಳ್ಳೆ ನಳ್ಳಿಯ ಒಡಲು ಹಿತ್ತಾಳೆ, ತಾಮ್ರ ಮತ್ತು ಸತು ಸೇರಿದ ಲೋಹ. ಅದನ್ನು ನುಣ್ಣಗೆ ಪಾಲಿಶ್ ಮಾಡಿ ಮೊದಲು ನಿಕ್ಕೆಲ್ ಪದರ ಕೂರಿಸುತ್ತಾರೆ. ಅದರ ಮೇಲೆ ಕ್ರೋಮಿಯಂ. ಎರಡನ್ನೂ ವಿದ್ಯುತ್ ಹಾಯಿಸಿದ ದ್ರಾವಣದಲ್ಲಿ ಮುಳುಗಿಸಿ ಮಾಡುವುದು. ಮೇಲಿನ ಕ್ರೋಮಿಯಂ ಎಷ್ಟು ತೆಳು ಅಂದರೆ ಸಾಮಾನ್ಯವಾಗಿ ಒಂದು ಮೈಕ್ರಾನಿನ ಅರ್ಧವೂ ಇರುವುದಿಲ್ಲ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದು ಭಾಗ. ಆ ಕ್ರೋಮಿಯಂ ತುಂಬ ಗಟ್ಟಿ, ಗೀರು ತಡೆಯುತ್ತದೆ, ಮಂಕಾಗುವುದಿಲ್ಲ, ನೀಲಿಮಿಶ್ರಿತ ಹೊಳಪು ಕೊಡುತ್ತದೆ. ಆದರೆ ನಳ್ಳಿಯನ್ನು ತುಕ್ಕಿನಿಂದ ನಿಜವಾಗಿ ಕಾಯುವುದು ಅದರ ಅಡಿಯ ನಿಕ್ಕೆಲ್. ಅದು ಹಲವು ಮೈಕ್ರಾನ್ ದಪ್ಪ ಇರಬೇಕು. ಅಗ್ಗದ ನಳ್ಳಿಯಲ್ಲಿ ಉಳಿತಾಯ ಮಾಡುವುದು ಇಲ್ಲೇ. ನಿಕ್ಕೆಲ್ ದುಬಾರಿ, ಕಣ್ಣಿಗೆ ಕಾಣುವುದಿಲ್ಲ, ಅಂಗಡಿಯ ಲೈಟಿನಡಿ ತೆಳು ನಿಕ್ಕೆಲ್‌ನ ನಳ್ಳಿಯೂ ದಪ್ಪ ನಿಕ್ಕೆಲ್‌ನ ನಳ್ಳಿಯೂ ಒಂದೇ ರೀತಿ ಹೊಳೆಯುತ್ತವೆ.

ಹೀಗೆ ಮೇಲಿನಿಂದ ಕೂರಿಸಿದ ಲೋಹದ ಪದರವೇ ಗಿಲೀಟು. ಯಾವ ಗಿಲೀಟಿನಲ್ಲೂ ಸೂಕ್ಷ್ಮ ತೂತುಗಳು ಇರುತ್ತವೆ. ಉಪ್ಪುನೀರು ಆ ತೂತಿನಿಂದ ಇಳಿದು ಕೆಳಗಿನ ಲೋಹ ತಲುಪಿದರೆ ಅಲ್ಲಿ ಸವೆತ ಶುರು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ದುರ್ಬಲವಾದದ್ದು ಬೇಗ ಕರಗುತ್ತದೆ, ಇದು ಬ್ಯಾಟರಿಯ ಒಳಗೆ ನಡೆಯುವ ಕೆಲಸವೇ. ಕೆಳಗೆ ಹಿತ್ತಾಳೆ ಇದ್ದರೆ ಹಸಿರು ಕಿಲುಬಿನ ಚುಕ್ಕೆ ಬರುತ್ತದೆ. ಕೆಳಗೆ ಬರೀ ಝಿಂಕ್ (ಅಂದರೆ ಸತು) ಮಿಶ್ರಲೋಹ ಇದ್ದರೆ ಕಥೆ ಇನ್ನೂ ಕಷ್ಟ. ಝಿಂಕ್ ಸವೆದು ಬಿಳಿ ಪುಡಿಯಾಗುತ್ತದೆ, ಆ ಪುಡಿ ಉಬ್ಬಿ ಮೇಲಿನ ಪದರವನ್ನು ಎತ್ತುತ್ತದೆ. ಒದ್ದೆ ಗಾರೆಯ ಮೇಲೆ ಎಷ್ಟು ಒಳ್ಳೆ ಪೈಂಟ್ ಹೊಡೆದರೂ ಮೊದಲ ಮಳೆಗಾಲಕ್ಕೇ ಗುಳ್ಳೆ ಏಳುತ್ತದಲ್ಲ, ಹಾಗೆಯೇ.

ಝಿಂಕ್ ಯಾಕೆ ಬಳಸುತ್ತಾರೆ ಅಂದರೆ ಅದು ಸುಮಾರು 420 ಡಿಗ್ರಿಯಲ್ಲೇ ಕರಗುತ್ತದೆ. ಹಿತ್ತಾಳೆಗೆ 900 ಡಿಗ್ರಿ ಬೇಕು. ಝಿಂಕನ್ನು ಅಚ್ಚಿಗೆ ಹೊಯ್ಯುವುದು ಸುಲಭ, ಅಗ್ಗ, ಚೂಪಾದ ಡಿಸೈನ್ ಬೇಕಾದರೂ ಬರುತ್ತದೆ. ಕೆಲವು ನಳ್ಳಿಗಳಲ್ಲಿ ಒಡಲು ಹಿತ್ತಾಳೆ ಇದ್ದು ಹಿಡಿ ಮಾತ್ರ ಝಿಂಕ್ ಇರುತ್ತದೆ. ಹಾಗಾಗಿ "ಇದು ಬ್ರಾಸ್ ನಳ್ಳಿ" ಅಂತ ಅಂಗಡಿಯವರು ಹೇಳಿದರೆ "ಹಿಡಿ ಕೂಡ ಬ್ರಾಸಾ?" ಅಂತ ಕೇಳಿಬಿಡಿ. ಒದ್ದೆ ಕೈ, ಸೋಪಿನ ಕೈ, ಉಪ್ಪಿನ ಕೈ ಎಲ್ಲ ತಾಗುವುದು ಹಿಡಿಗೇ ಅಲ್ವಾ.

ಗಿಲೀಟಿನ ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ವಿದ್ಯುತ್ತಿನಿಂದ ಕೂರಿಸುವ ಪದರ ಎಲ್ಲ ಕಡೆ ಒಂದೇ ದಪ್ಪ ಬರುವುದಿಲ್ಲ. ಹೊರಗೆ ಚಾಚಿದ ಅಂಚಿನಲ್ಲಿ ಜಾಸ್ತಿ, ಒಳಗಿನ ಸಂದು ಮೂಲೆಗಳಲ್ಲಿ ಕಡಿಮೆ. ಹೂವಿನ ಕೆತ್ತನೆ, ಆಳವಾದ ಗೆರೆ, ಚೌಕಾಕಾರದ ಒಳಮೂಲೆ ಇರುವ ನಳ್ಳಿಯಲ್ಲಿ ಪದರ ತೆಳು ಇರುವ ಜಾಗದಲ್ಲೇ ನೀರೂ ಸೋಪೂ ನಿಲ್ಲುತ್ತದೆ. ಎರಡೂ ಒಂದೇ ಕಡೆ ಸೇರಿದರೆ ಮೊದಲ ಕಿಲುಬು ಅಲ್ಲೇ. ನುಣ್ಣಗೆ ಉರುಟಾಗಿರುವ, ನೀರು ತಾನೇ ಜಾರಿ ಹೋಗುವ ಆಕಾರದ ನಳ್ಳಿ ನಮ್ಮ ಹವೆಗೆ ಎಷ್ಟೋ ಮೇಲು. ಮೇಲ್ಭಾಗ ಚಪ್ಪಟೆಯಾಗಿರುವ ಚೌಕದ ನಳ್ಳಿ ಫೋಟೋದಲ್ಲಿ ಚಂದ, ಆದರೆ ಅದರ ನೆತ್ತಿಯಲ್ಲಿ ನೀರು ನಿಂತೇ ಇರುತ್ತದೆ. ಗೋಡೆಯಿಂದ ಬರುವ ನಳ್ಳಿಗೂ ನೀರು ನಿಲ್ಲದ ಲಾಭ ಇದೆ. ಬೇಸಿನ್ ಮೇಲೆ ನಿಲ್ಲಿಸುವ ಪಿಲ್ಲರ್ ಕಾಕ್‌ನ ಬುಡದ ಸುತ್ತ ಸದಾ ಒದ್ದೆ, ಗೋಡೆಯದ್ದಕ್ಕೆ ಆ ಬುಡವೇ ಇಲ್ಲ.

ಪಿವಿಡಿ ಅಂದರೆ ಏನು

ಈಗ ಅಂಗಡಿಗಳಲ್ಲಿ ಬಂಗಾರದ ಬಣ್ಣ, ರೋಸ್ ಗೋಲ್ಡ್, ಗನ್ ಮೆಟಲ್, ಬ್ರಶ್ಡ್ ನಿಕ್ಕೆಲ್ ಅಂತ ಸಾಲಾಗಿ ಇಟ್ಟಿರುತ್ತಾರೆ. ಇವುಗಳಲ್ಲಿ ಎರಡು ಜಾತಿ ಇದೆ. ಒಂದರಲ್ಲಿ ಬಣ್ಣ ಅಥವಾ ಲ್ಯಾಕರ್ ಹೊಡೆದಿರುತ್ತಾರೆ. ಇನ್ನೊಂದು ಪಿವಿಡಿ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಜಿರ್ಕೋನಿಯಂ ಅಥವಾ ಟೈಟಾನಿಯಂನಂಥ ಲೋಹವನ್ನು ಆವಿ ಮಾಡಿ, ನೈಟ್ರೋಜನ್‌ನಂಥ ಅನಿಲದ ಜೊತೆ ಸೇರಿಸಿ, ನಳ್ಳಿಯ ಮೇಲೆ ಅಣು ಅಣುವಾಗಿ ಕೂರಿಸುವ ವಿಧಾನ ಇದು. ಟೈಟಾನಿಯಂ ನೈಟ್ರೈಡ್‌ಗೆ ತನ್ನದೇ ಬಂಗಾರದ ಬಣ್ಣ ಇದೆ, ಜಿರ್ಕೋನಿಯಂ ನೈಟ್ರೈಡ್‌ಗೆ ತಿಳಿ ಹಿತ್ತಾಳೆಯ ಬಣ್ಣ. ಅಂದರೆ ಅಲ್ಲಿ ಬಣ್ಣ ಬಳಿದಿಲ್ಲ, ಆ ವಸ್ತುವಿನ ಬಣ್ಣವೇ ಅದು. ತುಂಬ ಗಟ್ಟಿ, ಪಾತ್ರೆ ತಾಗಿದರೂ ಸುಲಭಕ್ಕೆ ಗೀರು ಬೀಳುವುದಿಲ್ಲ, ಸಾಮಾನ್ಯ ಸೋಪು ನೀರಿಗೆ ಜಗ್ಗುವುದಿಲ್ಲ.

ಹಾಗಾದರೆ ಪಿವಿಡಿ ತಗೊಂಡರೆ ನಿಶ್ಚಿಂತೆಯಾ? ಪೂರ್ತಿ ಅಲ್ಲ. ಆ ಪದರವೂ ತೆಳುವೇ, ಅದರಲ್ಲೂ ಸೂಕ್ಷ್ಮ ತೂತುಗಳಿರುತ್ತವೆ, ಹಿತ್ತಾಳೆಯ ನಳ್ಳಿಯಲ್ಲಿ ಅದು ಕೂರುವುದು ಸಾಮಾನ್ಯವಾಗಿ ನಿಕ್ಕೆಲ್ ಕ್ರೋಮ್ ಪದರದ ಮೇಲೆಯೇ. ಅಡಿಯ ಕೆಲಸ ಚೆನ್ನಾಗಿದ್ದರೆ ಮಾತ್ರ ಮೇಲಿನದ್ದಕ್ಕೆ ಬೆಲೆ. ಝಿಂಕಿನ ಮೇಲೆ ಪಿವಿಡಿ ಮಾಡಿದ ನಳ್ಳಿಗೆ ಗೀರು ಬೀಳಲಿಕ್ಕಿಲ್ಲ, ಆದರೆ ಒಳಗಿನಿಂದ ಗುಳ್ಳೆ ಏಳಬಹುದು. ಇನ್ನೊಂದು, ಬಣ್ಣದ ನಳ್ಳಿ ತಗೊಂಡರೆ ಆಂಗಲ್ ಕಾಕ್, ಹೆಲ್ತ್ ಫಾಸೆಟ್, ಬಾಟಲ್ ಟ್ರ್ಯಾಪ್, ಬೈರಾಸು ಹಾಕುವ ರಾಡು, ನೆಲದ ಜಾಲಿ ಎಲ್ಲವೂ ಅದೇ ಬಣ್ಣದ್ದು ಬೇಕಾಗುತ್ತದೆ. ಒಂದು ಕಂಪೆನಿಯ ಬ್ರಶ್ಡ್ ಗೋಲ್ಡ್ ಇನ್ನೊಂದು ಕಂಪೆನಿಯದ್ದಕ್ಕೆ ಹೊಂದುವುದಿಲ್ಲ. ಕೆಲವು ವರ್ಷ ಬಿಟ್ಟು ಒಂದು ಹಿಡಿ ಮುರಿದರೆ ಅದೇ ಬಣ್ಣ ಸಿಗುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ. ಕ್ರೋಮ್ ಹಾಗಲ್ಲ. ಯಾವ ಊರಿನ ಯಾವ ಅಂಗಡಿಯಲ್ಲಿ ತಂದರೂ ಪಕ್ಕದಲ್ಲಿ ಇಟ್ಟರೆ ಹೊಂದಿಕೊಳ್ಳುತ್ತದೆ. ಕಡಿಮೆ ತಲೆನೋವು ಬೇಕು ಅನ್ನುವವರು ಇದನ್ನು ಮರೆಯಲೇಬಾರದು.

ನನ್ನ ಅಭಿಪ್ರಾಯ ಕೇಳಿದರೆ ಹೆಚ್ಚಿನ ಮನೆಗಳ ಬಚ್ಚಲಿಗೆ ಹಿತ್ತಾಳೆ ಒಡಲಿನ, ಹಿತ್ತಾಳೆ ಹಿಡಿಯ, ಸಾದಾ ಆಕಾರದ ಕ್ರೋಮ್ ನಳ್ಳಿಯೇ ಸಾಕು. ಹಣ ಇದ್ದು, ದಿನಾ ಒರೆಸುವ ವ್ಯವಧಾನ ಇಲ್ಲದಿದ್ದರೆ ಬ್ರಶ್ಡ್ ನಿಕ್ಕೆಲ್ ಬಣ್ಣದ ಪಿವಿಡಿ ತಗೊಳ್ಳಿ. ಬ್ರಶ್ಡ್ ಅಂದರೆ ಮೇಲ್ಮೈಯಲ್ಲಿ ಒಂದೇ ದಿಕ್ಕಿಗೆ ಸಣ್ಣ ಗೆರೆ ಇರುವಂಥದ್ದು. ಬೆರಳಿನ ಗುರುತು, ಒಣಗಿದ ಹನಿ, ಸಣ್ಣ ಗೀರು ಯಾವುದೂ ಅದರಲ್ಲಿ ಎದ್ದು ಕಾಣುವುದಿಲ್ಲ. ಕ್ರೋಮ್ ಗಟ್ಟಿಯಾದರೂ ಕನ್ನಡಿಯಂಥದ್ದು, ತೆಂಗಿನೆಣ್ಣೆಯ ಕೈ ತಾಗಿದರೆ ತಕ್ಷಣ ತೋರಿಸುತ್ತದೆ.

ಕಪ್ಪು ನಳ್ಳಿಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮ್ಯಾಟ್ ಬ್ಲ್ಯಾಕ್ ಈಗ ಎಲ್ಲ ಹೊಸ ಫ್ಲ್ಯಾಟಿನಲ್ಲೂ ಕಾಣುತ್ತದೆ. ಅದರಲ್ಲಿ ಬಹಳಷ್ಟು ಪೌಡರ್ ಕೋಟಿಂಗ್ ಅಥವಾ ಬಣ್ಣ. ಸ್ಟೀಲ್ ಪಾತ್ರೆ ಒಮ್ಮೆ ಜೋರಾಗಿ ತಾಗಿದರೆ ಸಿಪ್ಪೆ ಏಳುತ್ತದೆ, ಎದ್ದ ಕಡೆಯಿಂದ ಉಪ್ಪುನೀರು ಪದರದ ಅಡಿಗೆ ಹರಿದು ಇನ್ನಷ್ಟು ಎತ್ತುತ್ತದೆ. ಮ್ಯಾಟ್ ಮೇಲ್ಮೈ ಸೂಕ್ಷ್ಮವಾಗಿ ಒರಟು, ಸೋಪಿನ ಬಿಳಿ, ಎಣ್ಣೆಯ ಜಿಡ್ಡು ಅದರಲ್ಲಿ ಹಿಡಿದುಕೊಳ್ಳುತ್ತದೆ. ಉಜ್ಜಿದರೆ ಆ ಜಾಗ ಹೊಳೆಯಲು ಶುರುವಾಗಿ ಮಚ್ಚೆಯಾಗುತ್ತದೆ. ಕಪ್ಪೇ ಬೇಕು ಅಂತ ಮನೆಯವರೆಲ್ಲ ಹಟ ಹಿಡಿದಿದ್ದರೆ ಪಿವಿಡಿ ಕಪ್ಪು ಕೇಳಿ ತಗೊಳ್ಳಿ, ಅದೂ ಅತಿಥಿಗಳ ವಾಶ್ ಬೇಸಿನ್‌ಗೆ. ಅಡುಗೆಮನೆಗೆ ಖಂಡಿತ ಬೇಡ. ಆ್ಯಂಟಿಕ್ ಕಂಚಿನ ಬಣ್ಣದ್ದಕ್ಕೂ ಇದೇ ಮಾತು. ಅದರಲ್ಲಿ ಹೆಚ್ಚಿನವು ಕಪ್ಪು ಮಾಡಿ ಮೇಲೆ ಲ್ಯಾಕರ್ ಬಳಿದವು. ಲ್ಯಾಕರ್ ಕೈ ತಾಗಿ ತಾಗಿ ಸವೆಯುತ್ತದೆ.

ಸ್ಟೀಲ್ ನಳ್ಳಿ ಮತ್ತು ಅಡುಗೆಮನೆ

ಅಡುಗೆಮನೆಗೆ ನನಗೆ ಹೆಚ್ಚು ಇಷ್ಟ ಸ್ಟೇನ್‌ಲೆಸ್ ಸ್ಟೀಲಿನದ್ದು, ಬ್ರಶ್ಡ್. ಅದಕ್ಕೆ ಮೇಲಿನಿಂದ ಕೂರಿಸಿದ ಪದರ ಅಂತ ಇಲ್ಲ. ಒಳಗೂ ಹೊರಗೂ ಒಂದೇ ಲೋಹ, ಎದ್ದು ಹೋಗಲು ಏನೂ ಇಲ್ಲ, ಗೀರು ಬಿದ್ದರೂ ಗೆರೆಗಳ ನಡುವೆ ಅಡಗುತ್ತದೆ. ಮೀನು ಕ್ಲೀನ್ ಮಾಡಿದ ಕೈ, ಉಪ್ಪು ಅರಸಿನ ಹಚ್ಚಿದ ಕೈ, ಹುಣಸೆಹುಳಿ ಕಿವುಚಿದ ಕೈ, ತೆಂಗಿನಕಾಯಿ ತುರಿದ ಕೈ ಎಲ್ಲವೂ ಆ ನಳ್ಳಿಗೇ ಹೋಗುವುದು, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವೇ ಇಲ್ಲ. ಅಲ್ಲಿ ಗಿಲೀಟು ಇಲ್ಲದ ನಳ್ಳಿ ಇದ್ದರೆ ಮನೆಯಲ್ಲಿ ಕೆಲಸ ಮಾಡುವವರಿಗೂ ನೆಮ್ಮದಿ.

ಆದರೆ ಗ್ರೇಡ್ ನೋಡಬೇಕು. 304 ಅಂದರೆ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕೆಲ್. 316ರಲ್ಲಿ ಅದರ ಜೊತೆ 2ರಿಂದ 3 ಶೇಕಡಾ ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪಿಗೆ ಅದು ಇನ್ನೂ ಗಟ್ಟಿ. 202 ಅಂತ ಒಂದಿದೆ, ನಿಕ್ಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ್ದು, ಅದನ್ನು ಕರಾವಳಿಯಲ್ಲಿ ಬಳಸಿದರೆ ಬೇಗ ಕೆಂಪಾಗುತ್ತದೆ. ಬಿಲ್ಲಿನಲ್ಲಿ ಅಥವಾ ಪೆಟ್ಟಿಗೆಯಲ್ಲಿ 304 ಅಂತ ಬರೆದಿರಬೇಕು, ಬರೀ "ಎಸ್ಎಸ್" ಅಂತ ಬರೆದಿದ್ದರೆ ಸಾಲದು. 304 ಕೂಡ ಕಡಲಿನ ಹತ್ತಿರ ಹೊರಗಡೆ ಇಟ್ಟರೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಹಿಡಿಯುತ್ತದೆ. ಮಳೆ ಬಿದ್ದು ತೊಳೆಯುವ ಜಾಗಕ್ಕಿಂತ ಸೂರಿನ ಅಡಿಯಲ್ಲಿ ಇರುವುದಕ್ಕೆ ಈ ಕಲೆ ಜಾಸ್ತಿ, ಯಾಕೆಂದರೆ ಗಾಳಿ ಉಪ್ಪು ತರುತ್ತದೆ, ಮಳೆ ಅದನ್ನು ತೊಳೆಯುವುದಿಲ್ಲ. ಒರಟು ಮೇಲ್ಮೈಯಲ್ಲಿ ಇನ್ನೂ ಜಾಸ್ತಿ. ಕಲೆ ಮೇಲಿನದ್ದು ಮಾತ್ರ, ಲೋಹಕ್ಕೆ ದೊಡ್ಡ ಪೆಟ್ಟಿಲ್ಲ, ಆದರೆ ನೋಡಲು ಬೇಸರ. ಮನೆಯೊಳಗೆ, ದಿನಾ ನೀರು ಬೀಳುವ ಸಿಂಕಿನ ಮೇಲೆ ಇದು ಅಷ್ಟಾಗಿ ಕಾಡುವುದಿಲ್ಲ.

ಅಂಗಳದ ನಳ್ಳಿಗೆ, ತೋಟದ ನಳ್ಳಿಗೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ್ದಕ್ಕೆ ಹೊಳೆಯುವ ಯಾವುದನ್ನೂ ಹಾಕಬೇಡಿ. ಪಿಟಿಎಂಟಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ನಳ್ಳಿ ಸಾಕು. ತುಕ್ಕಿಲ್ಲ, ಕಿಲುಬಿಲ್ಲ. ಬಿಸಿಲಿಗೆ ಬಣ್ಣ ಮಾಸುತ್ತದೆ, ಜಾಸ್ತಿ ಬಿಗಿದರೆ ಪೈಪಿಗೆ ತಿರುಗಿಸಿ ಕೂರಿಸುವ ಮರೆ ಒಡೆಯುತ್ತದೆ, ಅಷ್ಟೇ. ಇಲ್ಲದಿದ್ದರೆ ಗಿಲೀಟು ಇಲ್ಲದ ಸಾದಾ ಹಿತ್ತಾಳೆಯ ಬಿಬ್ ಕಾಕ್. ಅದು ನಿಧಾನಕ್ಕೆ ಕಂದಾಗುತ್ತದೆ, ಆ ಕಂದು ಪದರವೇ ಒಳಗಿನ ಲೋಹಕ್ಕೆ ಕಾವಲು. ಹಳೆ ಗುತ್ತಿನ ಮನೆಯ ಹಾಗೆ ಮರದ ಕಂಬ, ಹಂಚಿನ ಮಾಡು ಇಟ್ಟು ಮನೆ ಕಟ್ಟುವವರು ಒಳಗೂ ಇಂಥ ಹಿತ್ತಾಳೆಯೇ ಹಾಕಬಹುದು. ಕಪ್ಪಾಗಲಿ ಬಿಡಿ ಅನ್ನುವ ಮನಸ್ಸಿದ್ದರೆ ಅದರಷ್ಟು ಕಡಿಮೆ ಕೆಲಸದ ನಳ್ಳಿ ಇಲ್ಲ. ದೀಪದ ಹಾಗೆ ಸದಾ ಹೊಳೆಯಬೇಕು ಅಂತಿದ್ದರೆ ಮಾತ್ರ ಅದರಷ್ಟು ಕೆಲಸದ್ದೂ ಬೇರೆ ಇಲ್ಲ.

ಅಂಗಡಿಯಲ್ಲಿ

ಕೈಯಲ್ಲಿ ಎತ್ತಿ ನೋಡಿ. ಒಂದೇ ಗಾತ್ರದ ಎರಡರಲ್ಲಿ ಭಾರದ್ದು ಸಾಮಾನ್ಯವಾಗಿ ದಪ್ಪ ಹಿತ್ತಾಳೆ. ಕೆಲವರು ಅಯಸ್ಕಾಂತ ಹಿಡಿದು ಹೋಗುತ್ತಾರೆ, ಅದರಿಂದ ಕಬ್ಬಿಣ ಗೊತ್ತಾಗುತ್ತದೆ ಅಷ್ಟೇ. ಹಿತ್ತಾಳೆಗೂ ಅಂಟುವುದಿಲ್ಲ, ಝಿಂಕಿಗೂ ಅಂಟುವುದಿಲ್ಲ. ಅದಕ್ಕಿಂತ ನಳ್ಳಿಯನ್ನು ತಿರುಗಿಸಿ ಪೈಪಿಗೆ ಸೇರುವ ಕಡೆ ಒಳಗೆ ಮೊಬೈಲ್ ಟಾರ್ಚ್ ಹಾಕಿ. ಒಳಗೋಡೆಗೆ ಹೆಚ್ಚಾಗಿ ಗಿಲೀಟು ಪೂರ್ತಿ ತಲುಪಿರುವುದಿಲ್ಲ. ಹಳದಿ ಕಂಡರೆ ಹಿತ್ತಾಳೆ, ಬೂದು ಬಿಳಿ ಕಂಡರೆ ಕೇಳಬೇಕಾದ ಪ್ರಶ್ನೆ ಇದೆ ಅಂತ ಅರ್ಥ. ಆಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ನಳ್ಳಿಯ ಮೇಲೆ ಹೇಗೆ ಬೀಳುತ್ತದೆ ನೋಡಿ. ಗೆರೆ ನೇರವಾಗಿ ಹರಿದರೆ ಪಾಲಿಶ್ ಚೆನ್ನಾಗಿ ಆಗಿದೆ. ಅಲೆ ಅಲೆಯಾಗಿ ಮುರಿದರೆ ಒಳಗಿನ ಲೋಹವನ್ನೇ ಸರಿಯಾಗಿ ನಯ ಮಾಡಿಲ್ಲ, ಮೇಲಿನ ಗಿಲೀಟನ್ನು ನಂಬುವುದು ಕಷ್ಟ.

ಪೆಟ್ಟಿಗೆಯ ಮೇಲೆ ಐಎಸ್ಐ ಗುರುತಿದೆಯಾ ನೋಡಿ, ತಾಮ್ರ ಮಿಶ್ರಲೋಹದ ಫ್ಯಾನ್ಸಿ ನಳ್ಳಿಗಳಿಗೆ ಇರುವ ಭಾರತೀಯ ಮಾನಕ ಐಎಸ್ 8931. ಸಾಲ್ಟ್ ಸ್ಪ್ರೇ ಪರೀಕ್ಷೆ ಇಷ್ಟು ಗಂಟೆ ಅಂತ ಕೆಲವರು ಕ್ಯಾಟಲಾಗಿನಲ್ಲಿ ಹಾಕಿರುತ್ತಾರೆ. 35 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ 5 ಶೇಕಡಾ ಉಪ್ಪುನೀರನ್ನು ಮಂಜಿನ ಹಾಗೆ ಚಿಮುಕಿಸುತ್ತಾ ಇಡುವ ಪರೀಕ್ಷೆ ಅದು. ಗಂಟೆಯನ್ನು ವರ್ಷಕ್ಕೆ ತಿರುಗಿಸಲು ಆಗುವುದಿಲ್ಲ, ಆದರೆ ಒಂದೇ ರೀತಿಯ ಪರೀಕ್ಷೆ ಆಗಿದ್ದರೆ 48 ಗಂಟೆಯದ್ದಕ್ಕಿಂತ 200 ಗಂಟೆಯದ್ದು ನಮಗೆ ಮೇಲು. ವಾರಂಟಿ ಕಾರ್ಡಿನಲ್ಲಿ ಸೋರಿಕೆಗೆ ಎಷ್ಟು ವರ್ಷ, ಹೊಳಪಿಗೆ ಎಷ್ಟು ವರ್ಷ ಅಂತ ಬೇರೆ ಬೇರೆ ಇರುತ್ತದೆಯಾ ಅಂತ ಓದಿ. ದೊಡ್ಡಕ್ಷರದಲ್ಲಿ ಬರೆದದ್ದು ಹೆಚ್ಚಾಗಿ ಸೋರಿಕೆಯದ್ದು. ಆ್ಯಸಿಡ್, ಉಜ್ಜುವ ಪುಡಿ ಬಳಸಿದರೆ ಹೊಳಪಿಗೆ ವಾರಂಟಿ ಇಲ್ಲ ಅಂತ ಸಣ್ಣಕ್ಷರದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಒಕ್ಕಲಿನ ಮುಂಚಿನ ಆ್ಯಸಿಡ್

ಆ ಆ್ಯಸಿಡ್ ವಿಷಯವನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಎಷ್ಟೋ ಹೊಸ ಮನೆಗಳಲ್ಲಿ ನಳ್ಳಿ ಹಾಳಾಗುವುದು ಜನ ವಾಸಕ್ಕೆ ಬರುವ ಮೊದಲೇ. ಗೃಹಪ್ರವೇಶ ಹತ್ತಿರ ಬಂತು ಅಂದರೆ ಟೈಲ್ಸಿನ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ವಾಶ್ ಮಾಡಿಸುತ್ತಾರೆ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಕ್ರೋಮಿಯಂಗೆ ಉಪ್ಪುನೀರಿಗಿಂತ ದೊಡ್ಡ ಶತ್ರು ಅದೇ, ಪದರವನ್ನೇ ಕರಗಿಸುತ್ತದೆ. ಸ್ಟೀಲಿಗೂ ಆಗದು, ಅದರ ಮೇಲೆ ತಾನೇ ಮೂಡಿ ಅದನ್ನು ಕಾಯುವ ಆಕ್ಸೈಡ್ ಪದರ ಹರಿದು ಕಂದು ಹಿಡಿಯುತ್ತದೆ. ನಳ್ಳಿಗೆ ಹನಿ ತಾಗಬೇಕು ಅಂತಲೂ ಇಲ್ಲ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದರ ಹೊಗೆ ಸಾಕು. ಮೇಸ್ತ್ರಿಗೆ ಮೊದಲೇ ಹೇಳಿಬಿಡಿ: ಆ್ಯಸಿಡ್ ಕೆಲಸ ಎಲ್ಲ ಮುಗಿದು, ನೀರು ಹೊಯ್ದು ತೊಳೆದು, ಗಾಳಿ ಆಡಿದ ಮೇಲೆಯೇ ನಳ್ಳಿ ಹಾಕುವುದು. ಅಲ್ಲಿಯವರೆಗೆ ಪೈಪಿನ ಬಾಯಿಗೆ ಪ್ಲಗ್ ಇರಲಿ. ಟೈಲ್ಸ್ ಹಾಕುವಾಗಲೇ ಸಿಮೆಂಟ್ ಹಸಿ ಇರುವಾಗ ಒರೆಸಿದರೆ ಆ್ಯಸಿಡಿನ ಅಗತ್ಯವೇ ಬೀಳುವುದಿಲ್ಲ, ಅದು ಬೇರೆ ಮಾತು.

ವಾಸಕ್ಕೆ ಬಂದ ಮೇಲೂ ಅದೇ ಆ್ಯಸಿಡ್ ಟಾಯ್ಲೆಟ್ ಕ್ಲೀನರ್ ಬಾಟಲಿಯ ವೇಷದಲ್ಲಿ ಮನೆಗೆ ಬರುತ್ತದೆ. ಕಮೋಡಿಗೆ ಹಾಕುವುದನ್ನು ಕಮೋಡಿಗೆ ಮಾತ್ರ ಹಾಕಿ. ಅದರಲ್ಲೇ ಬೇಸಿನ್, ನಳ್ಳಿ ಎಲ್ಲ ಉಜ್ಜಿದರೆ ಫಳಫಳ ಹೊಳೆದ ಹಾಗೆ ಕಾಣುವುದು ನಿಜ, ಆ ಹೊಳಪಿನ ಜೊತೆ ಪದರವೂ ಹೋಗುತ್ತಿರುತ್ತದೆ. ಬ್ಲೀಚಿಂಗ್ ಪೌಡರ್ ಕೂಡ ಸ್ಟೀಲಿಗೆ ಆಗದು. ದೇವರ ದೀಪ, ಕೊಡಪಾನ ತೊಳೆಯುವ ಹುಣಸೆಹುಳಿ, ಬಿಂಬುಳಿ ಅವುಗಳಿಗೇ ಇರಲಿ. ಅಲ್ಲಿ ಉಜ್ಜುವುದು ಗಟ್ಟಿ ಹಿತ್ತಾಳೆ, ಸವೆದರೆ ಅಡಿಯಲ್ಲಿ ಮತ್ತೆ ಹಿತ್ತಾಳೆಯೇ ಇದೆ. ನಳ್ಳಿಯಲ್ಲಿ ಸವೆದರೆ ಮತ್ತೆ ಬರಲು ಏನೂ ಇಲ್ಲ. ಬೂದಿ, ತೆಂಗಿನ ನಾರು, ಸ್ಟೀಲಿನ ಜುಂಗು, ಹಸಿರು ಸ್ಕ್ರಬ್ಬರ್, ಟೂತ್‌ಪೇಸ್ಟ್ ಯಾವುದೂ ಬೇಡ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಇದನ್ನು ಒಮ್ಮೆ ತೋರಿಸಿ ಹೇಳಿದರೆ ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು, ಮೆತ್ತನೆ ಬಟ್ಟೆ, ನೀರು, ಆಮೇಲೆ ಒಣಗಿದ ಹಳೆ ಬೈರಾಸಿನಿಂದ ಒರೆಸುವುದು. ವಾರಕ್ಕೆ ಒಮ್ಮೆ ಮಾಡಿದರೂ ಉಪ್ಪು ಕೂರಲು ಬಿಡುವುದಿಲ್ಲ.

ಕೆಂಪು ಕಲೆ, ಹಸಿರು ಗೆರೆ

ಎರಡು ಕಲೆಗಳಿಗೆ ಯಾವ ಫಿನಿಶ್ ಹಾಕಿದರೂ ಪರಿಹಾರ ಇಲ್ಲ, ಅವು ನೀರಿನಿಂದ ಬರುವಂಥವು.

ಒಂದು, ಬೋರ್‌ವೆಲ್‌ನ ಕಬ್ಬಿಣ. ನೀರು ಮೇಲೆ ಬರುವಾಗ ತಿಳಿಯಾಗಿರುತ್ತದೆ. ಗಾಳಿ ತಾಗಿದ ಮೇಲೆ ಅದರಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕ ಸೇರಿ ಕೆಂಪು ಕಂದಾಗುತ್ತದೆ. ಅದಕ್ಕೇ ಕಲೆ ನಳ್ಳಿಯ ಮೂತಿಯಲ್ಲೇ ಮೊದಲು ಕಾಣುವುದು, ನೀರಿಗೆ ಗಾಳಿ ಸಿಗುವ ಜಾಗ ಅದು. ನಿಂಬೆರಸ ಹಚ್ಚಿ ಒಂದೆರಡು ನಿಮಿಷದಲ್ಲಿ ಚೆನ್ನಾಗಿ ತೊಳೆದರೆ ಹೋಗುತ್ತದೆ. ರಾತ್ರಿಯಿಡೀ ನಿಂಬೆಹಣ್ಣು ಕಟ್ಟಿಡುವ ಸಲಹೆ ಎಲ್ಲಾದರೂ ಕಂಡರೆ ಮಾಡಬೇಡಿ. ಶಾಶ್ವತ ಪರಿಹಾರ ಟ್ಯಾಂಕಿಗೆ ಬರುವ ಮೊದಲೇ ಕಬ್ಬಿಣ ತೆಗೆಯುವ ಫಿಲ್ಟರ್.

ಇನ್ನೊಂದು ಬೇಸಿನ್ನಿನಲ್ಲಿ ನಳ್ಳಿಯ ನೇರ ಕೆಳಗೆ ಬೀಳುವ ನೀಲಿ ಹಸಿರು ಗೆರೆ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಎಷ್ಟೋ ಕಡೆ ಸ್ವಲ್ಪ ಆಮ್ಲೀಯ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಪಿಎಚ್ (ಆಮ್ಲೀಯತೆ ತೋರಿಸುವ ಅಳತೆ, ಕಡಿಮೆಯಾದಷ್ಟು ಆಮ್ಲೀಯ) 6.5ರಿಂದ 8.5ರ ಒಳಗಿರಬೇಕು. 6.5ಕ್ಕಿಂತ ಕಡಿಮೆ ಇದ್ದರೆ ನೀರು ನಳ್ಳಿಯ ಒಳಗಿನ ಹಿತ್ತಾಳೆಯಿಂದ ತಾಮ್ರವನ್ನೂ ಸತುವನ್ನೂ ನಿಧಾನಕ್ಕೆ ಕರಗಿಸುತ್ತದೆ. ಹೊರಗೆ ಹೊಳಪು ಸರಿಯಾಗಿಯೇ ಇರುತ್ತದೆ, ಒಳಗೆ ಲೋಹ ಟೊಳ್ಳಾಗುತ್ತಾ ಬರುತ್ತದೆ. ಆ ಗೆರೆ ಕಂಡರೆ ಬಾವಿ ನೀರು ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಮೊದಲು ಬಂದ ನೀರನ್ನು ಕುಡಿಯಲು ಹಿಡಿಯದೆ ಸ್ವಲ್ಪ ಹೊತ್ತು ಹರಿಯಬಿಡಿ. ಇಂಥ ಬಾವಿ ಇರುವ ಮನೆಗೆ ಅಡುಗೆಮನೆಯಲ್ಲಿ ಸ್ಟೀಲ್ ನಳ್ಳಿ ಹಾಕಲು ಇದು ಇನ್ನೊಂದು ಕಾರಣ. ಕಡಲಿಗೆ ತೀರ ಹತ್ತಿರದ ಬಾವಿಗಳಲ್ಲಿ ಬೇಸಗೆಗೆ ನೀರು ಉಪ್ಪಾಗುತ್ತದೆ. ಆ ತಿಂಗಳುಗಳಲ್ಲಿ ಮಾತ್ರ ನಳ್ಳಿಯನ್ನು ದಿನಾ ಒರೆಸುವುದು ಒಳ್ಳೆಯದು, 304 ಸ್ಟೀಲ್ ಇದ್ದರೂ ಸಹ.

ಬೀಗ ಹಾಕಿದ ಮನೆಗಳು

ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ವರ್ಷದ ಹೆಚ್ಚಿನ ದಿನ ಬೀಗ ಹಾಕಿರುವ ಮನೆಗಳು ಎಷ್ಟೋ ಇವೆ. ಮನೆಯವರು ದುಬೈಯಲ್ಲೋ ಕುವೈತ್‌ನಲ್ಲೋ ಮುಂಬೈಯಲ್ಲೋ ಇರುತ್ತಾರೆ, ರಜೆಗೆ ಬರುವಾಗ ನೋಡಿದರೆ ದುಬಾರಿ ನಳ್ಳಿಗಳೆಲ್ಲ ಚುಕ್ಕೆ ಚುಕ್ಕೆ. ಮೊದಲೇ ಹೇಳಿದ ಹಾಗೆ ಬಳಸದ ನಳ್ಳಿಗೆ ಉಪ್ಪು ತೊಳೆಯುವವರಿಲ್ಲ, ಮುಚ್ಚಿದ ಬಚ್ಚಲಲ್ಲಿ ತೇವ ಹೊರಗೆ ಹೋಗುವುದಿಲ್ಲ. ಇಂಥ ಮನೆಗೆ ಬಣ್ಣದ ನಳ್ಳಿ ಹಾಕುವುದು ಸುಮ್ನೆ ಖರ್ಚು. ಹಿತ್ತಾಳೆಯ ಒಳ್ಳೆ ಕ್ರೋಮ್, ಅಥವಾ 304 ಸ್ಟೀಲ್, ಅಷ್ಟು ಸಾಕು.

ಹೊರಡುವ ದಿನ ಎಲ್ಲ ನಳ್ಳಿಯನ್ನೂ ಸಿಹಿನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಕಾರಿಗೆ ಹಚ್ಚುವ ವ್ಯಾಕ್ಸ್ ಇದ್ದರೆ ತೆಳುವಾಗಿ ಹಚ್ಚಿ ಒರೆಸಿಬಿಡಿ, ಉಪ್ಪುನೀರು ತೂತಿನೊಳಗೆ ಇಳಿಯುವುದನ್ನು ಅದು ತಡೆಯುತ್ತದೆ. ತೆಂಗಿನೆಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿಯಾಗಿ ಕಟ್ಟಿದರೆ ಒಳಗೆ ತೇವ ಸಿಕ್ಕಿಕೊಂಡು ಇನ್ನೂ ಕೆಡುತ್ತದೆ, ಅದನ್ನೂ ಮಾಡಬೇಡಿ. ಟಾಯ್ಲೆಟ್ ಕ್ಲೀನರ್, ಆ್ಯಸಿಡ್ ಬಾಟಲಿ ಯಾವುದನ್ನೂ ಬಚ್ಚಲೊಳಗೆ ಬಿಟ್ಟು ಹೋಗಬೇಡಿ, ಮುಚ್ಚಳ ಸಡಿಲ ಇದ್ದರೆ ಅದರ ಹೊಗೆ ತಿಂಗಳುಗಟ್ಟಲೆ ಅಲ್ಲೇ ಸುತ್ತುತ್ತದೆ. ಬಚ್ಚಲಿನ ಮೇಲಿನ ಸಣ್ಣ ಕಿಟಕಿ ತೆರೆದೇ ಇರಲಿ, ಒಳಬಾಗಿಲೂ ತೆರೆದಿರಲಿ. ತೆಂಗಿನಕಾಯಿ ಕೊಯ್ಯಿಸಲು, ಅಂಗಳ ಗುಡಿಸಲು ಹೇಗೂ ಯಾರಾದರೂ ಬಂದು ಹೋಗುತ್ತಿರುತ್ತಾರೆ. ಅವರಿಗೆ ಕೀ ಕೊಟ್ಟು ಜೂನ್, ಜುಲೈ, ಆಗಸ್ಟಿನಲ್ಲಿ ತಿಂಗಳಿಗೆ ಒಮ್ಮೆಯಾದರೂ ಎಲ್ಲ ನಳ್ಳಿ ಎರಡು ನಿಮಿಷ ಬಿಟ್ಟು, ಹೊರಮೈ ತೊಳೆದು, ಒಣಬಟ್ಟೆಯಲ್ಲಿ ಒರೆಸಲು ಹೇಳಿ.